ಹಣಮಮ್ಮನ ಸೂತಕ

ನಮ್ಮೂರಲ್ಲಿ ಯಾವ ಹುಡುಗನಾದರೂ ನಡುಗಲು ಶುರುಮಾಡಿದರೆ ಮೊದಲು ಹಣಮಮ್ಮನಿಗೆ ಹೇಳಿಕಳಿಸುತ್ತಾರೆ, ಆಮೇಲೆ ನನಗೆ. ಆಕೆ ಬಂದು ಹುಡುಗನನ್ನು ಮುಟ್ಟುತ್ತಾಳೆ, ನಾನು ಆಟೋ ತೆಗೆಯುತ್ತೇನೆ. ಈ ಪದ್ಧತಿ ಎಲ್ಲಿಂದ ಬಂತು ಎಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಗೊತ್ತಿರುವ ಹಿರಿಯರು ಹೇಳುವುದಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಸುಮ್ಮನಿರುವ ಬಾಯಿಯಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ನಾನು ಭೀಮಶಂಕರ. ರಾಯಚೂರಿನಲ್ಲಿ ಕನ್ನಡದಲ್ಲಿ ಬಿ.ಎ. ಮಾಡಿದವನು. ನಮ್ಮ ತೆಲುಗು ಸೀಮೆ ಒಡೆದು ಹೊಸ ರಾಜ್ಯ ಬಂದರೆ ನೀರು ಬರುತ್ತದೆ, ನೌಕರಿ ಬರುತ್ತದೆ ಎಂದು ಮಕ್ತಲ್ ಬಸ್‌ಸ್ಟ್ಯಾಂಡಿನ ಮುಂದೆ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ರಾಜ್ಯ ಬಂತು. ಆ ರಾಜ್ಯದಲ್ಲಿ ಕನ್ನಡ ಓದಿದವನಿಗೆ ಯಾವ ನೌಕರಿ ಎಂಬುದನ್ನು ಮಾತ್ರ ಯಾರೂ ಮುಂಚೆ ಹೇಳಿರಲಿಲ್ಲ. ಒಂದು ಆಟೋ ಕೊಂಡು ಮಾಗನೂರು, ಮಕ್ತಲ್, ನಾರಾಯಣಪೇಟೆ ಎಂದು ಓಡಿಸುತ್ತ ಬಂದೆ. ಈಗಲೂ ಅದೇ ಕೆಲಸ. ಬಿ.ಎ. ಓದಿದ್ದರಿಂದ ಆದ ಲಾಭವೆಂದರೆ ನಮ್ಮ ಜನಕ್ಕೆ ತೆಲುಗು ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು.

ಹಣಮಮ್ಮ ನಮ್ಮ ಓಣಿಯವಳು. ನನಗೆ ಚಿಗವ್ವ ಆಗಬೇಕು. ಈಗ ಆಕೆಯನ್ನು ನೋಡಿದವರು ನಂಬುವುದಿಲ್ಲ, ಒಂದು ಕಾಲಕ್ಕೆ ಊರಿನಲ್ಲಿ ಅತಿ ದೊಡ್ಡ ಬಾಯಿ ಆಕೆಯದೇ. ಬಯ್ಯಲು ನಿಂತರೆ ಹಳ್ಳದ ಆಚೆ ದಂಡೆಯಲ್ಲಿ ಕುರಿ ಮೇಯಿಸುವವರು ತಲೆ ಎತ್ತಿ ನೋಡುತ್ತಿದ್ದರು. ಆಕೆಯ ಗಂಡ ಎಂಕಪ್ಪ ಅಷ್ಟೇ ಮೌನಿ. ಕುರಿಗಳ ಹಿಂದೆ ಹೋದರೆ ಜೂರಾಲ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಮಂದೆ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದ. ‘ನನ್ನ ಬಾಯಿಗೆ ಹೆದ್ರಿ ಹೋಗ್ಯಾನ’ ಎಂದು ಆಕೆಯೇ ನಗುತ್ತಿದ್ದಳು.

ಬಹಳ ವರ್ಷ ಮಕ್ಕಳಾಗದೆ, ಆಂಜನೇಯನಿಗೆ ಹರಕೆ ಹೊತ್ತು ಒಬ್ಬ ಮಗ ಹುಟ್ಟಿದ. ಮನೆಯಲ್ಲಿ ಆಂಜನ್ಯಾ ಎಂದು ಕರೆದರು. ಶಾಲೆಯ ಮೇಷ್ಟ್ರು ತೆಲುಗಿನವರು, ಆಂಜನೇಯುಲು ಎಂದು ಬರೆದುಕೊಂಡರು. ಹುಡುಗ ಅವ್ವನ ಬಾಯಿ ತರಲಿಲ್ಲ, ಅಪ್ಪನ ಮೌನ ತಂದ. ಒಂದು ಮಾತು ಕೊಟ್ಟರೆ ಮಾತ್ರ ಅದು ಕಬ್ಬಿಣ. ನಾಳೆ ನಿನ್ನ ಆಟೋ ತೊಳೆದು ಕೊಡುತ್ತೇನೆ ಎಂದರೆ, ಮಳೆ ಹೊಯ್ಯುತ್ತಿದ್ದರೂ ಬಂದು ತೊಳೆಯುತ್ತಿದ್ದ.

ನಮ್ಮ ಕಡೆ ಸೇಂದಿ ಎಂದರೆ ಕುಡಿತವೆಂದು ಯಾರೂ ಎಣಿಸುವುದಿಲ್ಲ. ಈಚಲು ಮರದಿಂದ ಇಳಿಸಿದ್ದು, ಬೀರಪ್ಪನಿಗೂ ನೈವೇದ್ಯ, ಬಾಣಂತಿಗೂ ತಂಪು. ಕಳೆ ಕೀಳಲು ಹೋದ ತಾಯಂದಿರು ಬದುವಿನ ಮೇಲೆ ಮಲಗಿಸಿದ ಕೂಸು ಅತ್ತರೆ ಒಂದು ಮುಚ್ಚಳ ಸೇಂದಿ ಬಾಯಿಗೆ ಬಿಡುತ್ತಿದ್ದರು. ಕೂಸು ಸಂಜೆಯವರೆಗೆ ಮಿಸುಕುತ್ತಿರಲಿಲ್ಲ. ಹಣಮಮ್ಮನೂ ಬಿಟ್ಟಳು, ನನ್ನ ಅವ್ವನೂ ಬಿಟ್ಟಿದ್ದಳು. ಆದರೆ ಈಚಲು ಮರಗಳು ಎಂದೋ ಕಡಿಮೆಯಾಗಿದ್ದವು. ಮರ ಕಡಿಮೆಯಾದರೂ ದುಕಾನದಲ್ಲಿ ಸೇಂದಿ ಕಡಿಮೆಯಾಗಲಿಲ್ಲ. ನೀರಿಗೆ ಯಾವುದೋ ಪುಡಿ ಕಲಸಿ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ‘ಪುಡಿ ಸೇಂದಿ’ ಎಂದು ಎಲ್ಲರೂ ಅನ್ನುತ್ತಲೇ ಕುಡಿಯುತ್ತಿದ್ದರು.

ಆಂಜನೇಯುಲು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಗದ್ವಾಲದ ಕಡೆ ಬೀಜದ ಹತ್ತಿಯ ಹೊಲಗಳಿಗೆ ಹೋದ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಸವರುವ ಕೆಲಸ. ಗಿಡ ಮೊಣಕಾಲಿಗಿಂತ ತುಸು ಎತ್ತರ ಇರುತ್ತದೆ, ಸಣ್ಣ ಕೈಗಳೇ ಬೇಕು, ಅದಕ್ಕೆ ಹುಡುಗರನ್ನೇ ಕರೆಯುತ್ತಾರೆ. ಸಂಜೆ ಮೇಸ್ತ್ರಿ ಎಲ್ಲ ಹುಡುಗರಿಗೂ ಸೇಂದಿ ಹಂಚುತ್ತಿದ್ದ. ಕುಡಿದ ಹುಡುಗ ಅವ್ವನನ್ನು ನೆನೆದು ಅಳುವುದಿಲ್ಲ, ರಾತ್ರೋರಾತ್ರಿ ಊರಿಗೆ ಓಡುವುದೂ ಇಲ್ಲ. ಮೇಸ್ತ್ರಿಗೆ ಪುಕ್ಕಟೆ ಕಾವಲುಗಾರ ಸಿಕ್ಕಂತಾಯಿತು. ಎರಡು ಸುಗ್ಗಿ ಮುಗಿಸಿ ಮರಳಿ ಬಂದಾಗ ಹುಡುಗನಿಗೆ ಬೆಳಿಗ್ಗೆ ಎದ್ದ ಕೂಡಲೇ ಸೇಂದಿ ಬೇಕಾಗಿತ್ತು.

ಅವನೊಬ್ಬನೇ ಅಲ್ಲ. ಊರಿನ ಮೀಸೆ ಮೂಡದ ಹುಡುಗರಲ್ಲಿ ಅರ್ಧ ಮಂದಿ ದುಕಾನದ ಬೇವಿನ ನೆರಳಿನಲ್ಲೇ ಇರುತ್ತಿದ್ದರು. ತಂದೆತಾಯಂದಿರು ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿದ್ದರು, ಅಜ್ಜಿಯರ ಮಾತು ಯಾರು ಕೇಳಬೇಕು? ಒಮ್ಮೆ ಮಂಡಲ ಕಚೇರಿಯವರು ಬಂದು ಶಾಲೆಯಿಂದ ಮೆರವಣಿಗೆ ತೆಗೆದರು. ಕುಡಿತ ಕೆಟ್ಟದ್ದು ಎಂಬ ಬ್ಯಾನರಿನ ಎರಡು ಕೋಲುಗಳನ್ನು ಹಿಡಿದಿದ್ದ ಹುಡುಗರಿಬ್ಬರು ಮೆರವಣಿಗೆ ದುಕಾನದ ಹತ್ತಿರ ಬಂದಾಗ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಸಾಹೇಬರು ಫೋಟೋ ತೆಗೆಸಿಕೊಂಡು ಹೋದರು.

ಹಣಮಮ್ಮ ಮೆರವಣಿಗೆಯ ಪೈಕಿಯವಳಲ್ಲ. ಒಂದು ದಿನ ಒನಕೆ ತಗೊಂಡು ದುಕಾನಕ್ಕೆ ನುಗ್ಗಿ ಬಾಟಲಿ ಒಡೆದಳು. ದುಕಾನದ ಗುತ್ತೇದಾರನ ಆಳುಗಳು ನಕ್ಕರು. ಮಗನೇ ಬಂದು ಅವ್ವನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದ, ಆಮೇಲೆ ತಾನು ತಿರುಗಿ ದುಕಾನಕ್ಕೆ ಹೋದ. ಆಗ ಆಕೆ ಬೀರಪ್ಪನ ಪೂಜಾರಿ ಕಾಳಪ್ಪನ ಮನೆಗೆ ಹೋಗಿ ಅವನ ಹೊಸ್ತಿಲ ಮೇಲೆ ಕೂತಳು.

‘ಕಾಳಪ್ಪಣ್ಣ, ಹುಡುಗ್ರ ಕೈಗೆ ಭಂಡಾರ ಕೊಡು. ಆಣಿ ಮಾಡ್ಸು. ನನ್ನ ಮಗ ನನ್ನ ಮಾತು ಕೇಳಂಗಿಲ್ಲ, ಬೀರಪ್ಪನ ಮಾತು ಮೀರಂಗಿಲ್ಲ.’

ಭಂಡಾರ ಎಂದರೆ ಬೀರಪ್ಪನ ಮುಂದಿನ ಅರಿಶಿನ ಪುಡಿ. ಅದನ್ನು ಮುಟ್ಟಿ ಆಣೆ ಮಾಡಿದ ಮೇಲೆ ನಮ್ಮ ಕುರುಬರಲ್ಲಿ ತಪ್ಪುವ ಮಾತಿಲ್ಲ. ಹೊಲದ ಬದುವಿನ ಜಗಳ, ಕದ್ದ ಕುರಿಯ ಜಗಳ, ಎಲ್ಲವೂ ಅಲ್ಲೇ ತೀರುತ್ತಿದ್ದವು. ಕಾಳಪ್ಪ ಮೊದಲು ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅವನನ್ನು ನೋಡಿಯೇ ಹುಟ್ಟಿತ್ತು ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಆದರೆ ಅವನ ಸ್ವಂತ ಮಗ ತಿರುಪತಿಯೂ ಅದೇ ಬೇವಿನ ನೆರಳಿನವನು. ಹಣಮಮ್ಮ ಅದನ್ನೇ ಎತ್ತಿ ಆಡಿದಳು. ಕಡೆಗೆ ಭಾನುವಾರ ಹುಡುಗರನ್ನೆಲ್ಲ ತಲೆಗೆ ನೀರು ಹಾಕಿಸಿ ಕರೆತನ್ನಿ ಎಂದ.

ಆ ಭಾನುವಾರ ನಾನೂ ಅಲ್ಲಿದ್ದೆ. ಹುಡುಗರು ಸಾಲಾಗಿ ನಿಂತು, ಒಬ್ಬೊಬ್ಬರೇ ಭಂಡಾರದಲ್ಲಿ ಕೈ ಇಟ್ಟು, ‘ಇವತ್ತಿನಿಂದ ಸೇಂದಿ ಮುಟ್ಟಂಗಿಲ್ಲ’ ಎಂದರು. ಆಂಜನೇಯುಲು ಎಲ್ಲರಿಗಿಂತ ಮೆತ್ತಗೆ ಹೇಳಿದ. ಹಣಮಮ್ಮ ಡೊಳ್ಳಿನವರಿಗೆ, ಪೂಜಾರಿಗೆ, ನನಗೆ, ಎಲ್ಲರಿಗೂ ಮಂಡಕ್ಕಿ ಬೆಲ್ಲ ಹಂಚಿದಳು. ಆಕೆಯ ನಗು ನಾನು ಕೊನೆಗೆ ನೋಡಿದ್ದು ಅವತ್ತೇ.

ಉಳಿದ ಹುಡುಗರೆಲ್ಲ ಮರುದಿನವೇ ಪಕ್ಕದ ಊರಿನ ದುಕಾನಕ್ಕೆ ಹೋದರು. ನಮ್ಮೂರ ಬೀರಪ್ಪನ ಆಣೆ ಪಕ್ಕದೂರ ಸೇಂದಿಗೆ ತಗಲುವುದಿಲ್ಲ ಎಂಬುದು ಅವರ ವಕೀಲಿ. ತಿರುಪತಿಯೇ ಮುಂದಾಳು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಂಜನೇಯುಲು ಮಾತ್ರ ಹೋಗಲಿಲ್ಲ.

ಅವನಿಗೆ ನಿದ್ದೆ ಹತ್ತಲಿಲ್ಲ. ಬೆವರು ಇಳಿಯಿತು, ಕೈ ನಡುಗಿ ಚೆಂಬು ಹಿಡಿಯಲಾಗಲಿಲ್ಲ. ಮೈಯಲ್ಲಿನ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಆಯಿತು ಎಂದು ಹಣಮಮ್ಮ ಮಜ್ಜಿಗೆ ಕುಡಿಸಿದಳು. ಹುಡುಗ ಒಮ್ಮೆ ಕೇಳಿದನಂತೆ, ‘ಅವ್ವಾ, ಒಂದು ಗುಟುಕು ಸಿಕ್ರ ಸಾಕು, ಸತ್ತಂಗ ಆಗಾಕ್ಹತ್ತೈತಿ.’

‘ಭಂಡಾರ ಹಿಡದೀಯಪ್ಪಾ.’

‘ಹೂಂ. ಹಿಡದೀನಿ’ ಎಂದು ಗೋಡೆಯ ಕಡೆ ಹೊರಳಿ ಮಲಗಿದ.

ಬುಧವಾರ ಅಂಗಳಕ್ಕೆ ಬಂದವನು ನಿಂತಲ್ಲೇ ಬಿದ್ದ. ಕಣ್ಣು ಮೇಲೆ ಸಿಕ್ಕಿಕೊಂಡವು, ಹಲ್ಲು ಕಚ್ಚಿಕೊಂಡವು, ಕೈಕಾಲು ಅದುರಿದವು. ಎದುರು ಮನೆಯ ಮುದುಕಿ ನೋಡಿ, ‘ದೇವ್ರು ಬಂದ! ಆಣಿ ಉಳಿಸಿಕೊಂಡಾನ, ಬೀರಪ್ಪ ಮೈಮ್ಯಾಗ ಬಂದ!’ ಎಂದು ಕೂಗಿದಳು. ನಮ್ಮಲ್ಲಿ ದೇವರು ಬಂದವರು ಹೀಗೇ ನಡುಗುತ್ತಾರೆ. ಚಿಕ್ಕಂದಿನಿಂದ ನೋಡಿದ ಕಣ್ಣಿಗೆ ಬೇರೆ ಏನು ತೋಚೀತು? ಹುಡುಗನನ್ನು ಎತ್ತಿಕೊಂಡು ಗುಡಿಯ ಮುಂದೆ ಮಲಗಿಸಿದರು. ಡೊಳ್ಳು ಬಾರಿಸಿದರು. ಕಾಳಪ್ಪ ಭಂಡಾರದ ನೀರು ಬಾಯಿಗೆ ಬಿಟ್ಟ. ಊರೆಲ್ಲ ಬಂದು ಕಾಲಿಗೆ ಬಿತ್ತು.

ಹಣಮಮ್ಮನೂ ಬಿದ್ದಳು. ಹೆತ್ತ ಮಗನ ಪಾದದ ಮೇಲೆ ತಲೆಯಿಟ್ಟು, ‘ಏನು ತಪ್ಪಾತೋ ನನ್ನ ತಂದಿ, ಹೇಳು, ಬಾಯಿ ಬಿಟ್ಟು ಹೇಳು’ ಎಂದು ಕೇಳಿದಳು.

ನಡುಕ ನಿಲ್ಲುವುದು, ಮತ್ತೆ ಬರುವುದು. ನಿಂತಾಗಲೆಲ್ಲ ಡೊಳ್ಳು ಜೋರಾಗುವುದು. ಸಂಜೆಯ ಹೊತ್ತಿಗೆ ಪೂರಾ ನಿಂತಿತು. ದೇವರು ಇಳಿದ, ಹುಡುಗ ದಣಿದು ಮಲಗಿದ್ದಾನೆ ಎಂದು ಕಂಬಳಿ ಹೊದಿಸಿದರು. ಹಣಮಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿದಳು. ಬಹಳ ಹೊತ್ತು ಹಾಕಿದಳು. ಗಾಳಿ ಹಾಕುತ್ತಿದ್ದ ಕೈ ಅವನ ಕೆನ್ನೆಗೆ ತಗಲಿದಾಗಲೇ ಗೊತ್ತಾದದ್ದು.

ನಾನು ಅವತ್ತು ನಾರಾಯಣಪೇಟೆಗೆ ಸೀರೆಯ ಗಂಟುಗಳ ಬಾಡಿಗೆ ಹಿಡಿದು ಹೋಗಿದ್ದೆ. ಊರಲ್ಲಿ ಇದ್ದಿದ್ದರೆ ಬೇರೆಯದೇ ಏನೋ ಮಾಡುತ್ತಿದ್ದೆ ಎಂದು ಹೇಳಿಕೊಳ್ಳಬಹುದು. ಸುಳ್ಳು. ನಾನೂ ಕಾಲಿಗೆ ಬೀಳುತ್ತಿದ್ದೆ.

ಎಂಕಪ್ಪ ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ ಜೂರಾಲ ಕಡೆಯಿಂದ ಬರುವಷ್ಟರಲ್ಲಿ ಮರುದಿನ ಮಧ್ಯಾಹ್ನ. ಮಣ್ಣಾಯಿತು. ಆಮೇಲೆ ಕಾಳಪ್ಪ ಎಲ್ಲರ ಮುಂದೆ ಹೇಳಿದ: ‘ಈ ಹುಡುಗ ಸತ್ತಿಲ್ಲ. ಆಣಿ ಉಳಿಸಿದವನ್ನ ಬೀರಪ್ಪ ಕರ್ಕೊಂಡಾನ. ಗುಡಿ ಬಾಜೂಕ ಇವನ ಹೆಸರಿನಾಗ ಕಟ್ಟಿ ಕಟ್ಟೋಣ. ವರ್ಷಾ ವರ್ಷಾ ಮೊದಲ ಭಂಡಾರ ಇವನಿಗೇ.’

ಅವನು ವಂಚನೆಗೆ ಹೇಳಲಿಲ್ಲ, ನಂಬಿಯೇ ಹೇಳಿದ. ಇಟ್ಟಿಗೆಯೂ ಬಂತು. ಮೈಲಿಗೆಯ ಮನೆ ಎಂದು ಒಳಗೆ ಬಾರದೆ, ಅಂಗಳದ ಹೊರಗೇ ನಿಂತು ಹೆಂಗಸರು ತೆಂಗಿನಕಾಯಿ ಇಟ್ಟು ಹೋಗತೊಡಗಿದರು. ದೇವರ ಹಡೆದವ್ವ ಎಂದರು. ಹಣಮಮ್ಮ ಅಳಲಿಲ್ಲ. ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಬಹಳ ಹೊತ್ತು ಮಡಚಿಟ್ಟ ಕಾಲಿಗೆ ಜೋಮು ಹಿಡಿದರೆ ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಆಕೆಯ ಇಡೀ ಮೈ ಹಾಗೆ ಆದಂತಿತ್ತು. ನನಗೆ ಆ ದಿನಗಳಲ್ಲಿ ಆಕೆಯ ಮುಖ ನೋಡಲು ಭಯವಾಗುತ್ತಿತ್ತು. ಆದರೂ ಒಂದು ಸಮಾಧಾನವಿತ್ತು: ಏನೋ ಒಂದು ಆಕೆಯ ಕೈಗೆ ಸಿಕ್ಕಿದೆ, ಮಗ ಕುಡುಕನಾಗಿ ಸಾಯಲಿಲ್ಲ, ದೇವರಾಗಿ ಹೋದ. ಆ ಒಂದು ಮಾತಿನ ಮೇಲೆ ಕೂತು ಆಕೆ ಉಸಿರಾಡುತ್ತಿದ್ದಾಳೆ ಎಂದು ಎಲ್ಲರಿಗೂ ಕಾಣುತ್ತಿತ್ತು.

ಆದರೆ ಹೆಣಕ್ಕೆ ನೀರು ಹಾಕಿದವಳು ಆಕೆ. ಹುಡುಗನ ಲುಂಗಿ ಒದ್ದೆಯಾಗಿತ್ತು. ನಾಲಿಗೆಯ ಪಕ್ಕ ಹಲ್ಲು ನೆಟ್ಟು ಕಿತ್ತು ಬಂದಿತ್ತು. ದೇವರು ಬಂದವರ ಮೈಯನ್ನು ಆಕೆ ಎಷ್ಟೋ ನೋಡಿದ್ದಳು, ಯಾರ ನಾಲಿಗೆಯೂ ಹರಿದಿರಲಿಲ್ಲ, ಯಾರ ಬಟ್ಟೆಯೂ ಒದ್ದೆಯಾಗಿರಲಿಲ್ಲ. ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಎಷ್ಟೋ ದಿನಗಳ ಮೇಲೆ ನನಗೊಬ್ಬನಿಗೆ ಹೇಳಿದಳು, ಅದೂ ಒಂದೇ ಸಲ. ‘ಗೊತ್ತಿತ್ತು ಭೀಮ್ಯಾ. ಗೊತ್ತಿದ್ದೂ ಗೊತ್ತಿಲ್ದಂಗ ಕುಂತಿದ್ದೆ. ಇಲ್ಲಂದ್ರ ಏನು ಉಳಿತಿತ್ತು ನನಗ?’

ಸೂತಕ ಕಳೆಯುವ ಹನ್ನೊಂದರ ದಿನ ಇನ್ನೂ ಆಗಿರಲಿಲ್ಲ. ಬೆಳಗಿನ ಹೊತ್ತು ಗುಡಿಯ ಕಡೆಯಿಂದ ಮತ್ತೆ ಡೊಳ್ಳು ಕೇಳಿತು. ನಾನು ಆಟೋ ಒರೆಸುತ್ತಿದ್ದವನು ಬಟ್ಟೆ ಹಿಡಿದುಕೊಂಡೇ ಓಡಿದೆ. ಈ ಸಲ ತಿರುಪತಿ.

ಆಂಜನೇಯುಲುವನ್ನು ದೇವರು ಕರೆದುಕೊಂಡ ಎಂಬ ಸುದ್ದಿಗೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಅವನೇ. ಆಣೆ ಮುರಿದವನು ತಾನು, ಬೀರಪ್ಪ ತನ್ನನ್ನು ಬಿಡುವುದಿಲ್ಲ ಎಂದು ಯಾರಿಗೂ ಹೇಳದೆ ಆಗಿನಿಂದ ನಿಜವಾಗಿ ಸೇಂದಿ ಬಿಟ್ಟಿದ್ದ. ಈಗ ಗುಡಿಯ ಮುಂದಿನ ಕಲ್ಲುಹಾಸಿನ ಮೇಲೆ ಬಿದ್ದು ಅದುರುತ್ತಿದ್ದ. ಬಾಯಿಯಲ್ಲಿ ನೊರೆ. ಕಾಳಪ್ಪ ಧೂಪ ಹಿಡಿದು, ಕಣ್ಣಲ್ಲಿ ನೀರು, ಮುಖದಲ್ಲಿ ಭಯವೂ ಹೆಮ್ಮೆಯೂ ಕೂಡಿ, ‘ಏನು ಬೇಕು ತಂದೀ? ನನ್ನ ಮನಿಗೂ ಬಂದೇನು?’ ಎನ್ನುತ್ತಿದ್ದ. ಡೊಳ್ಳಿನವರು ಬೆವರಿ ಬಾರಿಸುತ್ತಿದ್ದರು. ದವಾಖಾನಿ ಎಂಬ ಮಾತು ನನ್ನ ನಾಲಿಗೆಯ ತನಕ ಬಂತು. ಸುತ್ತ ಕೈ ಮುಗಿದು ನಿಂತ ಊರನ್ನು ನೋಡಿ ಅಲ್ಲೇ ನಿಂತಿತು.

ಆಗ ಹಿಂದಿನಿಂದ ಹೆಂಗಸರು ಚೀರಿದರು: ‘ಸೂತಕದಾಕಿ ಬಂದ್ಲು! ಯವ್ವಾ, ದೂರ ನಿಲ್ಲು, ದೂರ ನಿಲ್ಲು!’

ಹಣಮಮ್ಮ ಬರುತ್ತಿದ್ದಳು. ಎಣ್ಣೆ ಕಾಣದ ತಲೆ, ಸಾವಿನ ದಿನದ ಅದೇ ಸೀರೆ. ನಮ್ಮಲ್ಲಿ ದೇವರು ಮೈಮೇಲಿರುವಾಗ ಸೂತಕದವರು ಸುಳಿಯಬಾರದು. ಅವರ ಕೈ ತಗಲಿದರೆ ದೇವರು ಆ ಕ್ಷಣವೇ ಬಿಟ್ಟು ಹೋಗುತ್ತಾನೆ. ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ಕಟ್ಟಳೆ. ಹಿಂದೊಮ್ಮೆ ಹೆಣ ಹೊತ್ತು ಬಂದವನೊಬ್ಬ ಸ್ನಾನ ಮಾಡದೆ ಜನರಲ್ಲಿ ನಿಂತಿದ್ದಕ್ಕೆ, ಮೈಮೇಲೆ ದೇವರು ಬಂದು ಕುಣಿಯುತ್ತಿದ್ದ ಕಾಳಪ್ಪನ ಅಪ್ಪ ದೇವರಿಳಿದು ನಿಂತಲ್ಲೇ ತಣ್ಣಗಾದದ್ದನ್ನು ಅಲ್ಲಿದ್ದ ಹಿರಿಯರೆಲ್ಲ ನೋಡಿದ್ದರು. ತಡೆಯಲು ಆಕೆಯನ್ನು ಮುಟ್ಟಬೇಕಾಗುತ್ತಿತ್ತು, ಮುಟ್ಟಿದರೆ ತಮಗೂ ಮೈಲಿಗೆ. ಜನ ತಾವಾಗಿಯೇ ಎರಡು ಕಡೆ ಸರಿದು ದಾರಿ ಬಿಟ್ಟರು.

ಆಕೆ ನೆಟ್ಟಗೆ ಬಂದು ಕಲ್ಲುಹಾಸಿನ ಮೇಲೆ ಕೂತು, ತಿರುಪತಿಯ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಎರಡೂ ಕೈಗಳಿಂದ ಅವನ ಕೆನ್ನೆ ಹಿಡಿದಳು.

ಡೊಳ್ಳಿನವರ ಕೈ ತಾವಾಗಿ ನಿಂತವು. ಎಲ್ಲರೂ ಹುಡುಗನನ್ನೇ ನೋಡುತ್ತಿದ್ದರು. ದೇವರು ಹೋಗಬೇಕು, ಮೈ ತಣ್ಣಗಾಗಬೇಕು. ನಾನೂ ನೋಡಿದೆ.

ಹುಡುಗ ಅದುರುತ್ತಲೇ ಇದ್ದ. ಹಣಮಮ್ಮನ ತೊಡೆ, ಕೈ, ಕುಪ್ಪಸದ ತೋಳು ಅವನ ಜೊತೆ ಅದುರಿದವು. ಅವನ ಬಾಯಿಂದ ರಕ್ತ ಬೆರೆತ ನೊರೆ ಆಕೆಯ ಸೀರೆಯ ಮೇಲೆ ಇಳಿಯಿತು. ಚಡ್ಡಿ ಒದ್ದೆಯಾಯಿತು, ಕಲ್ಲಿನ ಮೇಲೆ ಹರಿಯಿತು. ಆಕೆ ಕೈ ತೆಗೆಯಲಿಲ್ಲ.

‘ನೋಡ್ರಿ’ ಎಂದಳು. ಹಳ್ಳದ ಆಚೆಗೆ ಕೇಳುತ್ತಿದ್ದ ಆ ದನಿ ಈಗ ಪಕ್ಕದವರಿಗಷ್ಟೇ ಕೇಳುವಂತಿತ್ತು. ‘ಸೂತಕದ ಕೈ ಇಟ್ಟೀನಿ. ದೇವ್ರಿದ್ರ ಹೋಗ್ತಿದ್ದ. ಇದು ದೇವ್ರಲ್ಲ, ಬ್ಯಾನಿ.’

ಕಾಳಪ್ಪ ಧೂಪ ಹಿಡಿದು ಹಾಗೇ ನಿಂತಿದ್ದ. ಆಕೆ ಅವನ ಮುಖ ನೋಡಿದಳು.

‘ಕಾಳಪ್ಪಣ್ಣ, ನನ್ನ ಮಗನಿಗೂ ಬಂದಿರಲಿಲ್ಲ.’

ಆ ಮಾತಿನ ಭಾರ ಎಷ್ಟು ಎಂದು ನಮಗೆ ಒಬ್ಬೊಬ್ಬರಿಗೇ ನಿಧಾನವಾಗಿ ತಿಳಿಯುತ್ತಿತ್ತು. ಇಟ್ಟಿಗೆಯ ರಾಶಿ ಅಲ್ಲೇ ಪಕ್ಕದಲ್ಲಿತ್ತು. ಕಾಳಪ್ಪನ ಮಗನನ್ನು ಉಳಿಸಲು ಆಕೆ ತನ್ನ ಮಗನನ್ನು ಎರಡನೆಯ ಸಲ ಮಣ್ಣಿಗೆ ಕೊಟ್ಟಿದ್ದಳು. ನನಗೆ ಅಳು ಬಂತು, ಆಕೆಗೆ ಬರಲಿಲ್ಲ.

‘ಭೀಮ್ಯಾ, ಆಟೋ ತೆಗಿ’ ಎಂದಳು.

ಮಕ್ತಲ್ ದವಾಖಾನಿಯಲ್ಲಿ ಝಾನ್ಸಿ ಎಂಬ ಡಾಕ್ಟರಮ್ಮ ಇದ್ದರು, ವರಂಗಲ್ ಕಡೆಯವರು, ಕನ್ನಡ ಒಂದಕ್ಷರ ಬಾರದು. ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಹುಡುಗನ ಮೈ ಸಡಿಲಾಯಿತು. ಏನು ಕುಡಿಯುತ್ತಿದ್ದ, ಯಾವಾಗ ಬಿಟ್ಟ ಎಂದು ತೆಲುಗಿನಲ್ಲಿ ಕೇಳಿದರು. ನಾನು ಹೇಳಿದೆ. ಅವರಿಗೆ ಸಿಟ್ಟು ಬಂತು. ಆ ಸೇಂದಿಯಲ್ಲಿ ಇರುವುದು ನಿದ್ದೆ ಔಷಧದ ಪುಡಿ, ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ, ಜೀವವೇ ಹೋಗಬಹುದು. ಮೊದಲು ದವಾಖಾನಿಗೆ ತಂದು, ಗುಳಿಗೆ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತ ಬಿಡಿಸಬೇಕು. ‘ಒಮ್ಮೆಲೇ ಬಿಡು ಎಂದು ಇವನಿಗೆ ಹೇಳಿದವರು ಯಾರು?’ ಎಂದು ಕೇಳಿದರು.

ನಾನು ಅದನ್ನು ಕನ್ನಡಕ್ಕೆ ತಂದೆ. ಕಾಳಪ್ಪ ನೆಲ ನೋಡಿದ. ‘ನಾನ’ ಎಂದಳು ಹಣಮಮ್ಮ.

ಆಮೇಲೆ ನನ್ನ ಕಡೆ ತಿರುಗಿ, ‘ಒಂದು ಮಾತು ಕೇಳು ಅವರನ್ನ. ಬಿದ್ದ ಕೂಡ್ಲೇ ಇಲ್ಲಿಗೆ ತಂದ್ರ, ಹುಡುಗ ಉಳಿತಾನೇನು?’ ಎಂದಳು.

ಯಾವ ಹುಡುಗ ಎಂದು ಆಕೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೆಲುಗಿನಲ್ಲಿ ಕೇಳಿದೆ. ಡಾಕ್ಟರಮ್ಮ ಮಂಚದ ಮೇಲಿನ ತಿರುಪತಿಯನ್ನು ನೋಡಿ, ಮೊದಲ ಬಾರಿಗೆ ನಕ್ಕು, ಹಣಮಮ್ಮನ ಭುಜ ತಟ್ಟಿದರು. ‘ಉಳಿಯುತ್ತಾನಮ್ಮ. ಹೊತ್ತಿಗೆ ಸರಿಯಾಗಿ ತಂದಿರಿ. ಹೀಗೆ ತಂದವರು ಬಹಳ ಮಟ್ಟಿಗೆ ಉಳಿದೇ ಉಳಿಯುತ್ತಾರೆ.’

ನಾನು ಅದನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಹಣಮಮ್ಮ ತಲೆಯಾಡಿಸಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ನಾನು ಚಹಾ ತಂದುಕೊಟ್ಟೆ. ಕುಡಿದಳು. ಬಿಸಿ ಇದೆಯೋ ತಣ್ಣಗಾಗಿದೆಯೋ ಎಂದು ಆಕೆಗೆ ಗೊತ್ತಾದಂತೆ ಕಾಣಲಿಲ್ಲ.

ತಿರುಪತಿ ಉಳಿದ. ಎಚ್ಚರವಾದ ಮೇಲೆ ಅಪ್ಪನಿಗೆ ಎಲ್ಲವನ್ನೂ ಹೇಳಿದ. ಆಣೆ ಮುರಿದವರೆಲ್ಲ ಬದುಕಿದ್ದರು, ಉಳಿಸಿಕೊಂಡವನೊಬ್ಬ ಸತ್ತಿದ್ದ. ಇದನ್ನು ಕೇಳಿದ ಮೇಲೆ ಕಾಳಪ್ಪ ಎಷ್ಟೋ ದಿನ ಗುಡಿಯ ಬಾಗಿಲು ತೆಗೆಯಲಿಲ್ಲ. ಮಗನನ್ನು ವಾರಕ್ಕೊಮ್ಮೆ ನಾರಾಯಣಪೇಟೆಯ ಮಾನಸಿಕ ಡಾಕ್ಟರ ಹತ್ತಿರ ಗುಳಿಗೆಗೆ ಕರೆದುಕೊಂಡು ಹೋಗುತ್ತಿದ್ದ. ನನ್ನ ಆಟೋದಲ್ಲೇ. ಗುಳಿಗೆ ಒಂದು, ಅರ್ಧ, ಕಾಲು ಎಂದು ಇಳಿದು ಕಡೆಗೆ ನಿಂತಿತು. ತಿರುಪತಿ ಎರಡು ಸಲ ಜಾರಿ ಮತ್ತೆ ಕುಡಿದ, ಎರಡು ಸಲವೂ ಮೊದಲಿನಿಂದ ಶುರುಮಾಡಿದರು. ಈಗ ಕೃಷ್ಣಾ ಎಂಬ ಊರಿನಲ್ಲಿ ಅವನದೊಂದು ಪಂಕ್ಚರ್ ಅಂಗಡಿ ಇದೆ.

ಗುಡಿಯ ಬಾಗಿಲು ಮತ್ತೆ ತೆರೆದ ದಿನ ಕಾಳಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ, ‘ಇನ್ನ ಮ್ಯಾಲ ಮೊದಲ ಗುಳಿಗಿ, ಆಮ್ಯಾಲ ಭಂಡಾರ. ಡಾಕ್ಟ್ರು ಸಾಕು ಅಂದ ಮ್ಯಾಲ ನನ್ನ ಕಡಿ ಬರ್ರಿ.’ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಅನ್ನಬಹುದು. ಆದರೆ ಪೂಜಾರಿಯೊಬ್ಬ ತನ್ನ ದೇವರನ್ನು ಡಾಕ್ಟರ ಹಿಂದೆ ನಿಲ್ಲಿಸಲು ಎಷ್ಟು ನುಂಗಿಕೊಂಡಿರಬೇಕು. ಆಮೇಲೆ ನಾನು ಅವನನ್ನು ಚೇಷ್ಟೆ ಮಾಡಿಲ್ಲ.

ಕಟ್ಟೆಯ ಮಾತನ್ನೂ ಅವನೇ ಮತ್ತೆ ಎತ್ತಿದ. ಇಟ್ಟಿಗೆ ಹಾಗೇ ಬಿದ್ದಿದ್ದವು. ‘ದೇವ್ರು ಬಂದಿರಲಿ, ಬರದಿರಲಿ. ನಿನ್ನ ಮಗ ಆಣಿ ಉಳಿಸ್ಯಾನ ತಂಗೀ. ಅದಕ್ಕಾದ್ರೂ ಕಟ್ಟೋಣ.’

‘ಆಣಿ ಉಳಿಸಾಕ ಹೋಗೇ ಸತ್ತಾನಣ್ಣ’ ಎಂದಳು ಹಣಮಮ್ಮ. ‘ಉಳಿದ ಹುಡುಗ್ರಿಗಿ ಅದನ್ನ ತೋರ್ಸಬ್ಯಾಡ.’

ಇಟ್ಟಿಗೆಗಳನ್ನು ಯಾರು ಒಯ್ದರೋ ಗೊತ್ತಿಲ್ಲ. ಒಂದಷ್ಟು ನಮ್ಮ ಮನೆಯ ಬಚ್ಚಲಿಗೂ ಬಂದಿವೆ ಎಂದು ನನಗೆ ಅನುಮಾನ. ನನ್ನ ಹೆಂಡತಿ ಇಲ್ಲ ಎನ್ನುತ್ತಾಳೆ.

ಅಬಕಾರಿಯವರು ದುಕಾನ ಮುಚ್ಚಿಸಿದರು, ಅದು ಇನ್ನೊಂದು ಮರದ ಕೆಳಗೆ ತೆರೆಯಿತು. ಮತ್ತೆ ಮುಚ್ಚಿಸಿದರು. ಪಾಲಮೂರು ಜಿಲ್ಲೆ ಒಡೆದು ನಾರಾಯಣಪೇಟೆ ಜಿಲ್ಲೆ ಆಯಿತು, ಮೆರವಣಿಗೆ ತೆಗೆಯುವ ಸಾಹೇಬರು ಬೇರೆ ಬಂದರು. ಸೇಂದಿ ಹೋಗಿಲ್ಲ. ಆದರೆ ನಮ್ಮೂರಲ್ಲಿ ಬದುವಿನ ಮೇಲಿನ ಕೂಸಿಗೆ ಯಾರೂ ಮುಚ್ಚಳದಲ್ಲಿ ಹಾಕುವುದಿಲ್ಲ. ಹಾಕುವುದು ಕಂಡರೆ ಹಣಮಮ್ಮ ಹೋಗಿ ಬಾಟಲಿಯನ್ನು ಕೈಯಿಂದ ತಗೊಂಡು ನೆಲಕ್ಕೆ ಸುರಿದು, ಖಾಲಿ ಬಾಟಲಿ ಮರಳಿ ಕೊಡುತ್ತಾಳೆ. ಮೊದಲಿನ ಹಣಮಮ್ಮ ಆಗಿದ್ದರೆ ಅವರ ಏಳು ತಲೆಮಾರು ಎತ್ತಿ ಬಯ್ಯುತ್ತಿದ್ದಳು. ಈಗ ಏನೂ ಅನ್ನುವುದಿಲ್ಲ. ಬೈಸಿಕೊಳ್ಳುವುದೇ ಮೇಲಿತ್ತು ಎನ್ನುತ್ತಾರೆ ಹೆಂಗಸರು. ಎಂಕಪ್ಪ ಈಗ ಹೆಚ್ಚಾಗಿ ಮನೆಯಲ್ಲೇ ಇರುತ್ತಾನೆ. ಮೌನಿಗಳು ಇಬ್ಬರಾದರು.

ಹುಡುಗರನ್ನು ಬಿಡಿಸುವಾಗ ಆಕೆಯೇ ಜೊತೆಗೆ ಕೂಡುತ್ತಾಳೆ. ಬೆವರು ಒರೆಸುತ್ತಾಳೆ, ಗುಳಿಗೆ ನುಂಗಿಸುತ್ತಾಳೆ, ಬುದ್ಧಿ ಹೇಳುವುದಿಲ್ಲ. ಒಬ್ಬ ಹುಡುಗ ಕೇಳಿದನಂತೆ, ‘ಆಯೀ, ಒಂದು ಗುಟುಕು ಸಿಕ್ರ ಸಾಕು.’ ಆಕೆ ಆ ಹೊತ್ತಿಗೇ ಅವನನ್ನು ಎಬ್ಬಿಸಿ ನನ್ನ ಆಟೋದಲ್ಲಿ ಕೂರಿಸಿದಳು. ಆ ಮಾತು ಕೇಳಿದ ಮೇಲೆ ಆಕೆ ಮನೆಯಲ್ಲಿ ಇಟ್ಟು ನೋಡುವುದಿಲ್ಲ.

ಹೋದ ವರ್ಷ ಬೀರಪ್ಪನ ಪೂಜೆಗೆ ಬಂದಿದ್ದ ಬೀಗರ ಹುಡುಗನೊಬ್ಬ ಗುಡಿಯ ಮುಂದೆ ಬಿದ್ದು ನಡುಗತೊಡಗಿದ. ಡೊಳ್ಳಿನವರು ಕೈ ಎತ್ತಿ ಹಾಗೇ ನಿಂತರು. ಹಣಮಮ್ಮನಿಗೆ ಹೇಳಿಕಳಿಸಿದರು. ಆಕೆ ಬಂದು ಕೂತು, ಹುಡುಗನನ್ನು ಮಗ್ಗುಲಿಗೆ ಹೊರಳಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಡುಕ ನಿಲ್ಲಲಿಲ್ಲ. ನಾನು ಆಟೋ ಕಡೆ ತಿರುಗಿದೆ.

ಹುಡುಗನ ಅಜ್ಜ ಪೆದ್ದಯ್ಯ, ಕೃಷ್ಣಾ ಕಡೆಯ ಹಿರಿಯ, ಅಡ್ಡ ಬಂದ. ನಮ್ಮೂರ ಸಂಗತಿಯನ್ನು ಅಲ್ಲಿಯೇ ಯಾರೋ ಕಿವಿಯಲ್ಲಿ ಹೇಳಿದ್ದರು. ಸಿಟ್ಟಿನಿಂದ ಕೇಳಿದ, ‘ಅಲ್ಲವ್ವಾ, ಸೂತಕದ ಕೈಗೆ ದೇವ್ರು ಹೋಗ್ತಾನ, ಖರೆ. ನಿನ್ನ ಮಗ ಸತ್ತು ಎಷ್ಟು ವರ್ಷ ಆತು? ಹನ್ನೊಂದರ ದಿನಕ್ಕ ಸೂತಕ ಕಳೀತು. ಈಗ ನೀ ಮುಟ್ಟಿದ್ರ ದೇವ್ರು ಯಾಕ ಹೋಗಬೇಕು?’

ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ಇಷ್ಟು ವರ್ಷ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ, ಹೊಳೆದವರು ಕೇಳಿರಲಿಲ್ಲ. ಎಲ್ಲರೂ ಹಣಮಮ್ಮನನ್ನು ನೋಡಿದರು. ಆಕೆ ಹುಡುಗನ ಬಾಯಿಯ ನೊರೆಯನ್ನು ಸೆರಗಿನಿಂದ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ.

‘ನಂದು ಇನ್ನಾ ಕಳದಿಲ್ರೀ’ ಎಂದಳು.

ಪೆದ್ದಯ್ಯ ದಾರಿ ಬಿಟ್ಟ. ನಾನು ಆಟೋ ತೆಗೆದೆ.